ಮಿರಗ, ಹುಣ್ಣಿಮಿ, ಅಮಾಸಿ: ನಮ್ಮ ಹೊಲದ ಹಬ್ಬಗಳ ಹಿಂದಿನ ಲೆಕ್ಕ

ಈ ಸಲದ ಟಿಪ್ಪಣಿ ಸ್ವಲ್ಪ ಉದ್ದ ಅದ, ಪುರಸೊತ್ತು ಮಾಡ್ಕೊಂಡು ಓದ್ರಿ. ಗೊಬ್ಬರ, ರೋಗ, ರೇಟಿನ ಮಾತು ಇದರಾಗ ಕಡಿಮಿ. ಹಬ್ಬದ ಮಾತು ಅದ, ಆದರ ಬಿತ್ತಿಗಿಗೂ ಅದಕ್ಕೂ ನೇರ ಸಂಬಂಧ ಅದ.

ಈ ವರ್ಷ 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಬಂದದ. ಹಂಗಾಗಿ ಕಾರ ಹುಣ್ಣಿಮಿ ಜೂನ್ 29ಕ್ಕ ಬೀಳ್ತದ. 2023ರಾಗ ಇದೇ ಹುಣ್ಣಿಮಿ ಜೂನ್ ಮೊದಲ ವಾರಕ್ಕ, ಮಿರಗ ಕೂಡೂಕಿಂತ ಮೊದಲೇ ಬಂದಿತ್ತು. ಅಂದ್ರ ಅದೇ ಹಬ್ಬ, ಅದೇ ಹೆಸರು, ಆದರ ಮಳಿ ಲೆಕ್ಕದಾಗ ಹೆಚ್ಚುಕಡಿಮಿ ನಾಲ್ಕು ವಾರದ ಫರಕ. "ಕಾರ ಹುಣ್ಣಿಮಿ ಆಗಲಿ, ಆಮ್ಯಾಲ ಕೂರಿಗಿ ಹೂಡೂಣು" ಅನ್ನೋರು ನಮ್ಮ ಕಡೆ ಇನ್ನೂ ಅದಾರ. ಈ ವರ್ಷ ಹಂಗ ಕುಂತರ ಮಿರಗ ಪೂರ್ತಿ ಹೋಗಿ ಆರಿದ್ರಾನೂ ಅರ್ಧ ಮುಗದಿರತದ. ಹಬ್ಬ ಯಾಕ ಹಿಂಗ ಹಿಂದ ಮುಂದ ಆಗತದ, ಹಬ್ಬದ ದಿನ ನಂಬಬೇಕೋ ಮಳಿ ನಕ್ಷತ್ರ ನಂಬಬೇಕೋ ಅನ್ನೋ ಪ್ರಶ್ನಿಗೆ ಉತ್ತರ ಹುಡುಕಲಿಕ್ಕೆ ಹೋದರ ಸಾವಿರಾರು ವರ್ಷದ ಕಥಿ ಬಿಚ್ಚಿಕೊಳ್ಳತದ.

ಒಂದೇ ಊರಾಗ ಮೂರು ಗಡಿಯಾರ

ನಮ್ಮ ಊರುಗಳಾಗ ಕಾಲ ಅಳಿಯೋ ಗಡಿಯಾರ ಒಂದಲ್ಲ, ಮೂರು ಅದಾವ.

ಮೊದಲನೇದು ಸೂರ್ಯನ ಗಡಿಯಾರ. ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ, ಸ್ವಾತಿ. ಸೂರ್ಯ ಒಂದೊಂದು ನಕ್ಷತ್ರದಾಗ 13-14 ದಿನ ಇರ್ತಾನ. 27 ನಕ್ಷತ್ರ ಸೇರಿ ಒಂದು ವರ್ಷ. ಅದಕ್ಕೇ ಮಿರಗ ಪ್ರತಿ ವರ್ಷ ಜೂನ್ 7-8ಕ್ಕೇ ಕೂಡತದ, ತಪ್ಪೋದಿಲ್ಲ.

ಎರಡನೇದು ಚಂದ್ರನ ಗಡಿಯಾರ. ಕಾರ ಹುಣ್ಣಿಮಿ, ಮಣ್ಣೆತ್ತಿನ ಅಮಾಸಿ, ನಾಗರ ಪಂಚಮಿ, ಸೀಗಿ ಹುಣ್ಣಿಮಿ, ಎಳ್ಳ ಅಮಾಸಿ ಎಲ್ಲಾ ಇದರ ಮ್ಯಾಲೆ. ಚಂದ್ರನ 12 ತಿಂಗಳಿಗೆ 354 ದಿನ ಮಾತ್ರ. ಸೂರ್ಯನ ವರ್ಷಕ್ಕಿಂತ 11 ದಿನ ಕಮ್ಮಿ. ಮೂರು ವರ್ಷಕ್ಕ ಒಂದು ತಿಂಗಳಷ್ಟು ಬಾಕಿ ಆಗತದ. ಆ ಬಾಕಿ ತೀರಿಸಲಿಕ್ಕೇ ಸುಮಾರು ಎರಡೂವರಿ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಸ್ತಾರ. ಎಳ್ಳ ಅಮಾಸಿ ನೋಡ್ರಿ: 2024ರ ಜನವರಿ 11, ಅದೇ ವರ್ಷದ ಡಿಸೆಂಬರ್ 30, 2025ರ ಡಿಸೆಂಬರ್ 19. ಪ್ರತಿ ಸಲ 11-12 ದಿನ ಹಿಂದಕ್ಕ ಸರದದ. ಈಗ ಅಧಿಕ ಮಾಸ ಬಂದ ಮ್ಯಾಲೆ ಮತ್ತ ಮುಂದಕ್ಕ ಜಿಗದು 2027ರ ಜನವರಿ 7ರ ಸುಮಾರಿಗೆ ಬರತದ.

ಮೂರನೇದು ಮೊಹರಮ್ಮಿನ ಗಡಿಯಾರ. ಅದೂ ಚಂದ್ರನದೇ, ಆದರ ಅದರಾಗ ಅಧಿಕ ಮಾಸ ಇಲ್ಲ. ಅದಕ್ಕೇ ನಮ್ಮ ಅಲಾಯಿ ಹಬ್ಬ ಪ್ರತಿ ವರ್ಷ 11 ದಿನ ಹಿಂದ ಸರಕೋತ ಹೋಗಿ, ಸುಮಾರು 33 ವರ್ಷಕ್ಕ ಒಂದು ಸುತ್ತು ಮುಗಸತದ. ಬ್ಯಾಸಗ್ಯಾಗೂ ಅಲಾಯಿ ಕುಣದೀವಿ, ಮಳಿಯಾಗೂ ಕುಣದೀವಿ.

ಅಂದ್ರ ದೇವರಿಗೆ ಚಂದ್ರ, ಬಿತ್ತಿಗಿಗೆ ಸೂರ್ಯ. ನಮ್ಮ ಹಿರ್ಯಾರು ಎರಡನ್ನೂ ಬ್ಯಾರೆ ಬ್ಯಾರೆ ಇಟ್ಟಿದ್ದರು. ಕಲಸಿದವರು ನಾವು, ಈಗಿನವರು.

ಸುಲ್ತಾನರ ಲೆಕ್ಕದಾಗೂ ಮಿರಗ

ಈ ಮಾತಿಗೆ ವಿಜಯಪುರದ ಇತಿಹಾಸದಾಗೇ ಒಂದು ಗಟ್ಟಿ ಸಾಕ್ಷಿ ಅದ. 1490ರಿಂದ 1686ರ ತನಕ ಇಲ್ಲಿ ಆದಿಲ್‌ಶಾಹಿ ಆಡಳಿತ ಇತ್ತು. ಅವರ ಧರ್ಮದ ಲೆಕ್ಕ ಹಿಜರಿ ವರ್ಷ. ಆದರ ಹಿಜರಿ ವರ್ಷ ಹಿಡಕೊಂಡು ಹೊಲದ ಕಂದಾಯ ವಸೂಲಿ ಮಾಡಲಿಕ್ಕೆ ಆಗೋದಿಲ್ಲ. ಒಂದು ವರ್ಷ ರಾಶಿ ಆದ ಮ್ಯಾಲೆ ಬರೋ ತಾರೀಖು, ಹತ್ತು ವರ್ಷ ಬಿಟ್ಟರ ಬೆಳಿ ಹಸರ ಇದ್ದಾಗ ಬರತದ. ರೈತ ಎಲ್ಲಿಂದ ಕೊಡಬೇಕು?

ಅದಕ್ಕೇ ದಖ್ಖನದ ಕಾಗದ ಪತ್ರದಾಗ ಶುಹೂರ್ ಸನ್ ಅನ್ನೋ ಬ್ಯಾರೆ ವರ್ಷ ಬಳಕಿಗೆ ಬಂತು. ಇದು 14ನೇ ಶತಮಾನದಾಗ ಶುರುವಾಯ್ತು ಅಂತ ಇತಿಹಾಸಕಾರರು ಹೇಳ್ತಾರ. ಆದಿಲ್‌ಶಾಹಿಗಳೂ ಬಳಸಿದರು, ಮುಂದ ಮರಾಠರೂ ಬಳಸಿದರು. ಈ ವರ್ಷ ಶುರುವಾಗೋದು ಯಾವಾಗ ಗೊತ್ತೇನ್ರಿ? ಸೂರ್ಯ ಮೃಗಶಿರಾ ನಕ್ಷತ್ರಕ್ಕ ಬಂದ ದಿನ. ಅದಕ್ಕೇ ಅದಕ್ಕ ಮೃಗಸಾಲ ಅಂತಾನೂ ಹೆಸರು. ಅಂದ್ರ ನಮ್ಮ ರೈತರ ಮಿರಗವೇ ಸರಕಾರದ ಹೊಸ ವರ್ಷ ಆಗಿತ್ತು. ಅರಮನಿಯವರು ಹೊಲದ ಗಡಿಯಾರಕ್ಕ ತಮ್ಮ ದಫ್ತರ ಹೊಂದಿಸಿಕೊಂಡರು.

ಅದಕ್ಕೂ ಹಿಂದ ಕಲ್ಯಾಣದ ಚಾಲುಕ್ಯರ ಶಾಸನ ನೋಡಿದರ, ಭೂಮಿ ದಾನ ಕೊಟ್ಟ ದಿನ ಅಂತ ಬಾಳ ಕಡೆ ಉತ್ತರಾಯಣ ಸಂಕ್ರಮಣ, ಗ್ರಹಣ, ಹುಣ್ಣಿಮಿ, ಅಮಾಸಿ ಬರದಿರತದ. ಆರನೇ ವಿಕ್ರಮಾದಿತ್ಯ 1076ರಲ್ಲಿ ತನ್ನ ಹೆಸರಿನ ಹೊಸ ಶಕೆಯನ್ನೇ ಶುರು ಮಾಡಿದ. ಶಕೆ ಬದಲಾದರೂ ತಿಥಿ, ಮಾಸ, ಸಂಕ್ರಮಣ ಬದಲಾಗಲಿಲ್ಲ. ರಾಜ ಹೊಸಬ, ಪಂಚಾಂಗ ಹಳೇದು.

ಇಲ್ಲಿ ಒಂದು ಸೂಕ್ಷ್ಮ ಅದ. ನಕ್ಷತ್ರದ ವರ್ಷ ಮತ್ತು ಋತುವಿನ ವರ್ಷ ಪೂರ್ತಿ ಒಂದೇ ಅಲ್ಲ. ಭೂಮಿಯ ಅಕ್ಷ ನಿಧಾನಕ್ಕ ತಿರಗೋದರಿಂದ ಸುಮಾರು 72 ವರ್ಷಕ್ಕ ಒಂದು ದಿನ ಸರೀತದ. ಸೂರ್ಯ ಖರೇವಂದ್ರೂ ಉತ್ತರಕ್ಕ ತಿರುಗೋದು ಡಿಸೆಂಬರ್ 21-22ಕ್ಕ, ನಾವು ಸಂಕ್ರಾಂತಿ ಮಾಡೋದು ಜನವರಿ 14-15ಕ್ಕ. ಮೃಗಸಾಲ ಶುರುವಾದ ಕಾಲದಿಂದ ಇಲ್ಲೀತನಕ ಮಿರಗವೂ ಋತುವಿಗಿಂತ ಒಂಬತ್ತು ದಿನದಷ್ಟು ತಡಾ ಆಗೇದ. "ಮಿರಗದ ಮಳಿ ಮೊದಲಿನಂಗ ಇಲ್ಲ" ಅನ್ನೋದಕ್ಕ ಹವಾಮಾನ ಬದಲಾಗಿದ್ದು ಒಂದು ಕಾರಣ ಇರಬಹುದು, ಆದರ ಗಡಿಯಾರದ ಮುಳ್ಳೂ ಒಂದಿಷ್ಟು ಸರದದ ಅನ್ನೋದು ನೆನಪಿರಲಿ.

ಏಳು ಸಮುದ್ರದ ಆಚೆಯೂ ಇದೇ ತಕರಾರು

ಈಗ ಬಾಳ ದೂರದ ಊರಿಗೆ ಹೋಗೂಣು. ಐರ್ಲೆಂಡ್, ಸ್ಕಾಟ್ಲೆಂಡ್, ಫ್ರಾನ್ಸ್ ಕಡೆ ಹಿಂದ ಕೆಲ್ಟ್ ಅನ್ನೋ ಜನ ಇದ್ದರು. ದನ, ಕುರಿ ಮೇಸೋರು, ಬಾರ್ಲಿ, ಓಟ್ಸ್ ಬೆಳಿಯೋರು. ಐರ್ಲೆಂಡಿನ ಹಳೇ ಬರಹದಾಗ ಅವರ ನಾಲ್ಕು ದೊಡ್ಡ ಹಬ್ಬದ ಹೆಸರು ಸಿಗತಾವ.

ನವೆಂಬರ್ 1ರ ಸುಮಾರಿಗೆ ಸೌಇನ್. ಗುಡ್ಡದ ಮ್ಯಾಲೆ ಮೇಯಲಿಕ್ಕೆ ಬಿಟ್ಟ ದನ ಕೆಳಗ ಹೊಡಕೊಂಡು ಬರೋ ಕಾಲ. ಚಳಿಗಾಲಕ್ಕ ಮೇವು ಎಷ್ಟು ಅದ, ಎಷ್ಟು ದನ ಉಳಿಸಬೇಕು ಅಂತ ಲೆಕ್ಕ ಹಾಕೋ ಕಾಲ. ಸತ್ತವರು ಆ ರಾತ್ರಿ ಮನಿಗೆ ಬರ್ತಾರ ಅನ್ನೋ ನಂಬಿಕಿನೂ ಅದಕ್ಕ ಅಂಟಿಕೊಂಡದ. ಫೆಬ್ರವರಿ 1ಕ್ಕ ಇಂಬೋಲ್ಕ್, ಕುರಿ ಈದು ಹಾಲು ಇಳಿಯೋ ಕಾಲ. ಮೇ 1ಕ್ಕ ಬೆಲ್ಟೇನ್, ದನ ಮತ್ತ ಗುಡ್ಡಕ್ಕ ಹೋಗೋ ಕಾಲ. ಅವತ್ತು ಎರಡು ಬೆಂಕಿ ಹಾಕಿ ನಡುವ ದನ ಹಾಯಸ್ತಿದ್ದರು, ರೋಗ ಬರಬಾರದು ಅಂತ. ಆಗಸ್ಟ್ 1ಕ್ಕ ಲೂನಸ, ಹೊಸ ಕಾಳು ಮನಿಗೆ ಬರೋ ಕಾಲ.

ಬೆಂಕಿ ನಡುವ ದನ ಹಾಯಸೋದು ಕೇಳಿ ನಿಮಗ ಮೈಸೂರು ಸೀಮಿಯ ಸಂಕ್ರಾಂತಿ ನೆನಪಾಗಿರಬೇಕು. ಅಲ್ಲಿ ಕಿಚ್ಚು ಹಾಯಸ್ತಾರ. ದನ ಸಾಕಿದವನ ಭಯ ಎಲ್ಲಾ ಕಡೆ ಒಂದೇ ನೋಡ್ರಿ.

ಇನ್ನೂ ಸೋಜಿಗದ್ದು ಒಂದದ. 1897ರಲ್ಲಿ ಫ್ರಾನ್ಸಿನ ಕೊಲಿನ್ಯಿ ಅನ್ನೋ ಊರಾಗ ಕಂಚಿನ ತಗಡಿನ ಚೂರು ಸಿಕ್ಕವು. ಜೋಡಿಸಿ ನೋಡಿದರ ಅದು ಕೆಲ್ಟರ ಪಂಚಾಂಗ, ಸುಮಾರು 2ನೇ ಶತಮಾನದ್ದು. ಈಗ ಲಿಯೋನ್ ಪಟ್ಟಣದ ಮ್ಯೂಸಿಯಮ್ಮಿನಾಗ ಅದ. ಅದರಾಗ 5 ವರ್ಷಕ್ಕ 62 ತಿಂಗಳು. 60 ಖಾಯಂ ತಿಂಗಳು, 2 ಅಧಿಕ ತಿಂಗಳು. ಪ್ರತಿ ತಿಂಗಳು ಎರಡು ಭಾಗ, ನಮ್ಮ ಪಕ್ಷದಂಗ. ತಿಂಗಳಿಗೆ ಶುಭ, ಅಶುಭ ಅಂತ ಗುರುತು ಬ್ಯಾರೆ. ನಮ್ಮ ವೇದಾಂಗ ಜ್ಯೋತಿಷ ಅನ್ನೋ ಹಳೇ ಗ್ರಂಥದಾಗೂ 5 ವರ್ಷಕ್ಕ ಒಂದು ಯುಗ, ಅದರಾಗ 62 ತಿಂಗಳು, 2 ಅಧಿಕ!

ಹಂಗಂತ ಅವರು ನಮ್ಮಿಂದ ಕಲಿತರು, ನಾವು ಅವರಿಂದ ಕಲಿತೀವಿ ಅಂತ ಹಾರಾಡೂದು ಬ್ಯಾಡ. ಸೂರ್ಯ ಒಬ್ಬನೇ, ಚಂದ್ರ ಒಬ್ಬನೇ. ಎರಡನ್ನೂ ಹೊಂದಿಸಬೇಕು ಅಂದವರಿಗೆ ಇದೇ ಲೆಕ್ಕ ಹತ್ತತದ. 62 ಚಾಂದ್ರ ತಿಂಗಳಿಗೆ ಸುಮಾರು 1831 ದಿನ, 5 ವರ್ಷಕ್ಕ 1826 ದಿನ. ಐದು ದಿನ ಹೆಚ್ಚಾಗತಾವ. ಹಂಗಾಗಿ ಮುಂದ ಅದನ್ನೂ ತಿದ್ದಬೇಕಾಯ್ತು. ಪಂಚಾಂಗ ಅಂದ್ರ ದೇವರು ಬರದು ಕಳಿಸಿದ್ದಲ್ಲ, ತಲಿಮಾರುಗಟ್ಟಲೆ ಮುಗಿಲು ನೋಡಿ ತಿದ್ದಿಕೋತ ಬಂದ ಲೆಕ್ಕದ ಪುಸ್ತಕ.

ನಮ್ಮ ಹಬ್ಬದ ಒಳಗ ಏನದ

ಈಗ ನಮ್ಮ ಹಬ್ಬಗಳನ್ನ ಹೊಲದ ಕಣ್ಣಿನಿಂದ ನೋಡ್ರಿ.

ಕಾರ ಹುಣ್ಣಿಮಿ ಎತ್ತಿನ ಹಬ್ಬ. ಮೈ ತೊಳದು, ಕೋಡಿಗೆ ಬಣ್ಣ ಹಚ್ಚಿ, ಕರಿ ಹರಿಸ್ತೀವಿ. ಬಿಳಿ ಎತ್ತು ಕರಿ ಹರದರ ಹಿಂಗಾರಿ ಚಲೋ, ಕೆಂದ ಎತ್ತು ಹರದರ ಮುಂಗಾರಿ ಚಲೋ ಅಂತಾರ. ಎತ್ತಿನ ಬಣ್ಣಕ್ಕೂ ಮಳಿಗೂ ಸಂಬಂಧ ಇಲ್ಲ, ಅದು ಎಲ್ಲರಿಗೂ ಗೊತ್ತು. ಆದರ ಒಳಗಿನ ಕೆಲಸ ಬ್ಯಾರೆ: ಬಿತ್ತಿಗಿ ಹೊತ್ತಿನಾಗ ಊರಿನ ಎಲ್ಲಾ ಎತ್ತು ಒಂದೇ ದಿನ, ಒಂದೇ ಕಡೆ, ಎಲ್ಲರ ಕಣ್ಣ ಮುಂದ ಬರತಾವ. ಯಾವುದರ ಕಾಲು ಕುಂಟು, ಯಾವುದು ಬಡವಾಗೇದ, ಯಾರ ಜೋಡಿ ಗಟ್ಟಿ ಅದ ಅನ್ನೋದು ಊರಿಗೇ ತಿಳೀತದ. ಯಾರು ಯಾರಿಗೆ ಮುಯ್ಯಾಳು, ಯಾರ ಎತ್ತು ಯಾರ ಕೂರಿಗಿಗೆ ಅನ್ನೋ ಮಾತುಕತಿ ಅಲ್ಲೇ ಆಗತದ.

ಅದಾದ ಹದಿನೈದು ದಿನಕ್ಕ ಮಣ್ಣೆತ್ತಿನ ಅಮಾಸಿ. ಎರಿ ಮಣ್ಣು ಕಲಸಿ ಎತ್ತು ಮಾಡೋ ಹುಡುಗನಿಗೆ ಮಣ್ಣಿನ ಹದ ಕೈಯಿಗೆ ತಿಳೀತದ. ಪಂಚಮಿ ಬಂದರ ನೆಲ ಕೆದರಬಾರದು, ನಾಗಪ್ಪಗ ನೋವಾಗತದ ಅಂತಾರ. ಎತ್ತಿಗೂ ಆಳಿಗೂ ಒಂದು ಬಿಡುವು, ತವರಿಗೆ ಬಂದ ಹೆಣ್ಣುಮಕ್ಕಳಿಗೆ ಜೋಕಾಲಿ.

ಭಾದ್ರಪದ ಶುದ್ಧ ಅಷ್ಟಮಿಗೆ ಜೋಕುಮಾರ ಹುಟ್ಟತಾನ. ಅಂಬಿಗರು, ತಳವಾರರು, ಬಾರಿಕರು ಇಂಥ ಮನೆತನದ ತಾಯಂದಿರು ಬುಟ್ಯಾಗ ಹೊತ್ತುಕೊಂಡು ಮನಿ ಮನಿ ತಿರಗತಾರ. ನಾವು ಕಾಳು ಕೊಡ್ತೀವಿ, ಅವರು ಕೊಟ್ಟ ನುಚ್ಚು ಅಂಬಲಿ ತಂದು ಹೊಲಕ್ಕ ಚೆಲ್ಲತೀವಿ. ಹುಣ್ಣಿಮಿಗೆ ಜೋಕುಮಾರ ಸಾಯ್ತಾನ. ಒಂದು ವಾರ ಬಾಳಿ, ಮಳಿ ಬೆಳಿ ಕೇಳಲಿಕ್ಕೆ ಮ್ಯಾಲೆ ಹೋಗೋ ದೇವರು. ಬೀಜ ನೆಲದಾಗ ಸತ್ತರೇನೇ ಬೆಳಿ ಹುಟ್ಟೋದು ಅನ್ನೋದನ್ನ ಇದಕ್ಕಿಂತ ಸರಳವಾಗಿ ಹೇಳಲಿಕ್ಕೆ ಆಗೋದಿಲ್ಲ.

ಸೀಗಿ ಹುಣ್ಣಿಮಿಗೆ ಭೂಮಿತಾಯಿ ಬಸುರಿ. ಬಸುರಿಗೆ ಬಯಕಿ ಊಟ ಮಾಡಿಸಿದಂಗ ಹೊಲಕ್ಕ ಚರಗ ಚೆಲ್ಲತೀವಿ. ಎಳ್ಳ ಅಮಾಸಿಗೆ ಮತ್ತ ಚರಗ. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗಿ ಕಟಕೊಂಡು ಮನಿ ಮಂದಿಯೆಲ್ಲಾ ಬಂಡಿ ಹೂಡಿ ಹೊಲಕ್ಕ. ಹುಬ್ಬಿ, ಉತ್ತರಿ, ಹಸ್ತದಾಗ ಬಿತ್ತಿದ ಬಿಳಿಜೋಳ ಆ ಹೊತ್ತಿಗೆ ತೆನಿ ಹಾದು ಹಾಲಗಾಳು ಆಗಿರತದ. ಮನ್ಯಾಗಿನ ಪ್ರತಿಯೊಬ್ಬರೂ, ಅಡಗಿ ಮನಿ ಬಿಟ್ಟು ಹೊರಗ ಬರದ ಮುದಕಿನೂ, ವರ್ಷಕ್ಕ ಒಮ್ಮೆಯಾದರೂ ತಮ್ಮ ಹೊಲದ ನಾಲ್ಕೂ ಬದುವು ತುಳದು ಬೆಳಿ ನೋಡತಿದ್ದರು. ಚರಗ ಚೆಲ್ಲಲಿಕ್ಕೆ ಬದುವು ಸುತ್ತಲೇಬೇಕಲ್ಲ. ಪಕ್ಕದವನು ಬದುವು ಒತ್ತಿದ್ದರ ಅವತ್ತೇ ಗೊತ್ತಾಗತಿತ್ತು. ಕಾಡಿಗಿ ರೋಗ ಎಷ್ಟು, ಹಕ್ಕಿ ಕಾಟ ಎಷ್ಟು, ರಾಶಿ ಎಷ್ಟು ಆದೀತು ಅನ್ನೋ ಅಂದಾಜು ಅವತ್ತೇ ಆಗತಿತ್ತು.

ಬರೇ ಸಿಹಿ ಅಲ್ಲ

ಹಿಂದಿನದೆಲ್ಲಾ ಬಂಗಾರ ಅನ್ನೋದು ಬ್ಯಾಡ. ಹಬ್ಬ ಅಂದ್ರ ಬಾಕಿ ತೀರಿಸೋ ದಿನವೂ ಹೌದು. ಯುಗಾದಿ ಪಾಡ್ಯ ಅಂದ್ರ ನಮಗ ಬೇವು ಬೆಲ್ಲ. ಆದರ ಹೊಲ ಲಾವಣಿಗೆ ಹಾಕ್ಕೊಂಡವನಿಗೆ ಅದು ಹೊಲ ಬಿಡೋ ದಿನ ಅಥವಾ ಹಿಡಿಯೋ ದಿನ. ಸಂಬಳದ ಆಳಿಗೆ ಅದು ಯಾರ ಮನ್ಯಾಗ ಮುಂದಿನ ವರ್ಷ ಅನ್ನೋ ದಿನ. ಸಾಲ ತೀರದಿದ್ದರ ಅದೇ ಮನ್ಯಾಗ ಇನ್ನೊಂದು ವರ್ಷ. ಜೀತ ಪದ್ಧತಿ ಕಾನೂನಿನಿಂದ ರದ್ದಾಗಿದ್ದು 1976ರಲ್ಲಿ. ಜೋಕುಮಾರನ ಬುಟ್ಟಿ ಕೆಲವರ ತಲಿ ಮ್ಯಾಲೇ ಯಾಕ, ಕಾಳು ಕೊಡೋ ಕೈ ಕೆಲವರದ್ದೇ ಯಾಕ ಅನ್ನೋ ಪ್ರಶ್ನಿನೂ ಹಬ್ಬದ ಒಳಗೇ ಅದ.

ಐರ್ಲೆಂಡಿನ್ಯಾಗೂ ಹಿಂಗೇ. ಮೇ 1 ಮತ್ತು ನವೆಂಬರ್ 1 ಅಂದ್ರ ಜಮೀನ್ದಾರರಿಗೆ ಗೇಣಿ ಕಟ್ಟೋ ದಿನ, ಆಳು ಹಿಡಿಯೋ ದಿನ. 1752ರಲ್ಲಿ ಬ್ರಿಟನ್ ಸರಕಾರ ಕ್ಯಾಲೆಂಡರಿನಿಂದ 11 ದಿನ ತಗದು ಹಾಕಿತು, ಸೆಪ್ಟೆಂಬರ್ 2ರ ಮರುದಿನ 14 ಆಯ್ತು. ಆದರೂ ಹಳ್ಳಿ ಜನ ಎಷ್ಟೋ ವರ್ಷ ಹಳೇ ಲೆಕ್ಕದ ದಿನಕ್ಕೇ ಹಬ್ಬ ಮಾಡಿದರು, ಹಳೇ ಲೆಕ್ಕಕ್ಕೇ ಆಳು ಹಿಡದರು. ಕಾಗದದ ತಾರೀಖು ಬದಲಾದರ ದನ ಬ್ಯಾರೆ ದಿನ ಈಯೋದಿಲ್ಲಲ್ಲ.

ದನ ಹೋದ ಮ್ಯಾಲೆ ಹಬ್ಬ ಏನಾಗತದ

ನಮಗ ಪಾಠ ಇರೋದು ಇಲ್ಲೇ. ಸೌಇನ್ ಹಬ್ಬಕ್ಕ ಮ್ಯಾಲೆ ಕ್ರೈಸ್ತರ ಸಂತರ ದಿನ ಬಂದು ಕೂಡಿತು. ಹಿಂದಿನ ದಿನದ ರಾತ್ರಿ ಹ್ಯಾಲೋವೀನ್ ಆಯ್ತು. ಐರಿಷ್ ಮತ್ತು ಸ್ಕಾಟಿಷ್ ಜನ ಹೊಟ್ಟಿಪಾಡಿಗೆ ಅಮೇರಿಕಾಕ್ಕ ಹೋದಾಗ ಹಬ್ಬನೂ ಹೋಯ್ತು. ಊರಾಗ ಟರ್ನಿಪ್ ಗಡ್ಡಿ ಕೊರದು ದೀಪ ಇಡತಿದ್ದವರು ಅಲ್ಲಿ ಕುಂಬಳಕಾಯಿ ಕೊರದರು. ಈಗ ಅದು ಚಾಕಲೇಟು, ಮುಖವಾಡದ ವ್ಯಾಪಾರ. ಬೆಂಗಳೂರಿನ ಮಾಲ್‌ನಾಗೂ ಬಂದದ. ನಮ್ಮ ಹುಡುಗರು ಮೊಬೈಲಿನಾಗ ನೋಡಿ ನಗತಾರ. ಅದರ ಬುಡದಾಗ ಮೇವಿನ ಲೆಕ್ಕ ಹಾಕಿಕೋತ ಕುಂತ ಒಬ್ಬ ದನಗಾರ ಇದ್ದ ಅನ್ನೋದು ಯಾರಿಗೂ ಗೊತ್ತಿಲ್ಲ.

ಇನ್ನೊಂದು ಕಡೆ, 20ನೇ ಶತಮಾನದಾಗ ಇಂಗ್ಲೆಂಡಿನ ಕೆಲವು ಪಟ್ಟಣದ ಮಂದಿ ಈ ನಾಲ್ಕು ಹಬ್ಬದ ಜೋಡಿ ಮತ್ತ ನಾಲ್ಕು ಸೇರಿಸಿ ಎಂಟು ಹಬ್ಬದ ಚಕ್ರ ಕಟ್ಟಿದರು. ಇದೇ ಪುರಾತನ ಕಾಲದ್ದು ಅಂತ ಈಗ ಬಾಳ ಜನ ನಂಬ್ಯಾರ. ಸಂಕೇತ ಉಳಿದು ಕೆಲಸ ಹೋದರ ಅದಕ್ಕ ಯಾರು ಬೇಕಾದರೂ ಹೊಸ ಅರ್ಥ ಹಚ್ಚಬಹುದು. ಐರ್ಲೆಂಡ್ ಸರಕಾರ 2023ರಿಂದ ಇಂಬೋಲ್ಕ್ ಹೊತ್ತಿಗೆ ಬರೋ ಸಂತ ಬ್ರಿಜಿಡ್ ಹಬ್ಬಕ್ಕ ರಜಾ ಕೊಟ್ಟದ. ಚಲೋನೇ ಆಯ್ತು. ಆದರ ರಜಾ ಕೊಟ್ಟಷ್ಟಕ್ಕೇ ಕುರಿ ಈಯೋ ಹೊತ್ತು ನೋಡೋ ಕಣ್ಣು ತಿರುಗಿ ಬರೋದಿಲ್ಲ.

ನಾವು ಈಗ ಎಲ್ಲಿ ಅದೀವಿ? ನಾರಾಯಣಪುರ ಡ್ಯಾಮು, ಆಲಮಟ್ಟಿ ಡ್ಯಾಮು ಆದ ಮ್ಯಾಲೆ ಕಾಲುವಿ ಬಂದ ಕಡೆ ಕಬ್ಬು, ಹತ್ತಿ, ಮೆಣಸಿನಕಾಯಿ ಬಂತು. ನೀರು ಇಲ್ಲದ ಎರಿಯಾಗ ಮುಂಗಾರಿ ತೊಗರಿ ಬಂತು. "ಡೋಣಿ ಬೆಳದರ ಓಣೆಲ್ಲಾ ಜೋಳ" ಅಂತ ಗಾದಿ ಇದ್ದ ಸೀಮಿ ನಮ್ಮದು, ಈಗ ಮನಿಗೆ ಬೇಕಾಗುವಷ್ಟು ಜೋಳ ಬಿತ್ತೋರೂ ಕಮ್ಮಿ. ತೊಗರಿ ಹೊಲಕ್ಕ ಎಳ್ಳ ಅಮಾಸಿ ಬರೋ ಹೊತ್ತಿಗೆ ಕಾಯಿ ಒಣಗಿ ಕಟಾವಿನ ಚಿಂತಿ ಹತ್ತಿರತದ. ಹಾಲಗಾಳು ಎಲ್ಲಿಂದ ಬರಬೇಕು? ಕಾರ ಹುಣ್ಣಿಮಿಗೆ ಟ್ರ್ಯಾಕ್ಟರಿಗೆ ಹಾರ ಹಾಕಿ ಪೂಜಿ ಮಾಡೋರು ಅದಾರ. ಅದರಾಗ ತಪ್ಪಿಲ್ಲ, ದುಡಿಯೋದಕ್ಕೇ ಪೂಜಿ. ಆದರ ಟ್ರ್ಯಾಕ್ಟರ್ ಸಗಣಿ ಹಾಕೋದಿಲ್ಲ. ತಿಪ್ಪಿ ಕರಗೇದ, ಅದರ ಲೆಕ್ಕ ಗೊಬ್ಬರದ ಅಂಗಡಿ ಚೀಟಿಯಾಗ ಅದ.

ಹಂಗಾಗಿ ನನ್ನ ವಿಚಾರ ಇಷ್ಟು. ಬೆಳಿ ಬದಲಾದರೂ ಹಬ್ಬದ ಒಳಗಿನ ಕೆಲಸ ಬಿಡಬಾರದು, ಹೊಸ ಬೆಳಿಗೆ ಹೊಂದಿಸಬೇಕು. ಪಂಚಾಂಗವನ್ನೇ ತಿದ್ದಿಕೋತ ಬಂದ ಹಿರ್ಯಾರ ಮಕ್ಕಳು ನಾವು.

ಬಿತ್ತಿಗಿ ದಿನ ಹುಣ್ಣಿಮಿ ನೋಡಿ ಹಿಡಿಯೋದು ಬ್ಯಾಡ. ಮಿರಗದ ಮಳಿ, ನೆಲದ ಹಸಿ ನೋಡಿ ಹಿಡೀರಿ. ಈ ವರ್ಷ ಅಧಿಕ ಮಾಸದಿಂದ ಹುಣ್ಣಿಮಿ ತಡಾ ಅದ, ಹದ ಬಂದರ ಕಾಯಬ್ಯಾಡ್ರಿ. ಕಾರ ಹುಣ್ಣಿಮಿ ದಿನ ಎತ್ತು, ಎಮ್ಮಿ, ಆಕಳ ಊರ ಮುಂದ ಕೂಡಿಸಿದಾಗಲೇ ಪಶು ಡಾಕ್ಟರನ್ನ ಕರಸಿ ಎಲ್ಲಾ ದನ ತೋರಿಸೂಣು. ಸೀಗಿ ಹುಣ್ಣಿಮಿಗೆ ಚರಗ ಚೆಲ್ಲಿಕೋತ ತೊಗರಿಯ ಹೂ, ಹುಳ ಎಷ್ಟು ಅಂತ ಗಿಡ ಎಣಿಸಿ ನೋಡೂಣು. ಎಳ್ಳ ಅಮಾಸಿಗೆ ಮನಿ ಮಂದಿ ಎಲ್ಲಾ ಬದುವು ಸುತ್ತೂಣು, ಬೀಜಕ್ಕ ಬೇಕಾದ ಗಿಡಕ್ಕ, ತೆನಿಗೆ ಅವತ್ತೇ ದಾರ ಕಟ್ಟೂಣು. ಹೆಣ್ಣುಮಕ್ಕಳ ಕೈಯಾಗೇ ದಾರ ಕೊಡ್ರಿ, ಅವರ ಕಣ್ಣು ನಮ್ಮಕ್ಕಿಂತ ಚುರುಕು.

ನಾವು ಎರಡು ಎಕರೆದಾಗ ಬಿಳಿಜೋಳ ಇನ್ನೂ ಬಿಟ್ಟಿಲ್ಲ. ಲಾಭಕ್ಕಲ್ಲ, ರೊಟ್ಟಿಗೆ ಮತ್ತು ಕಣಕಿಗೆ. ಮಾಲದಂಡಿ ಬೀಜ ನಮ್ಮಲ್ಲಿ ಅದ. ಈ ಸಲ ಹುಬ್ಬಿ ಉತ್ತರಿಗೆ ಅರ್ಧ ಎಕರೆಯಾದರೂ ಜೋಳ ಹಾಕ್ತೀನಿ ಅನ್ನೋರು ಬಂದು ಒಂದೆರಡು ಸೇರು ಒಯ್ಯಬಹುದು. ರೊಕ್ಕ ಬ್ಯಾಡ, ರಾಶಿ ಆದ ಮ್ಯಾಲೆ ಅಷ್ಟೇ ಬೀಜ ತಿರುಗಿ ಕೊಡ್ರಿ ಸಾಕು. ಮುಂದಿನವರಿಗೆ ಅದನ್ನೇ ಕೊಡಲಿಕ್ಕೆ ಬರತದ.

ನಿಮ್ಮ ಊರಾಗ ಕರಿ ಹರಿಯೋದು ಇನ್ನೂ ಅದ ಏನು, ಎಷ್ಟು ಜೋಡಿ ಬರತಾವ, ಚರಗಕ್ಕ ಬಂಡಿ ಹೂಡತಾರೋ ಟಂಟಂ ಹತ್ತತಾರೋ ಕೆಳಗ ಬರೀರಿ. ಊರಿನ ಹೆಸರು, ಜೋಡಿ ಎಷ್ಟು ಅಂತ ಬರದರ ಸಾಕು. ಹತ್ತು ಹದಿನೈದು ಊರಿನ ಲೆಕ್ಕ ಕೂಡಿದರ, ನಮ್ಮ ಸೀಮಿಯಾಗ ಎತ್ತು ಎಷ್ಟು ಉಳದಾವ ಅನ್ನೋದು ನಮಗೇ ತಿಳೀತದ.